ಬೂಸ್ಟ್ ಏರಿದಾಗ ಇಳಿಯುವ ಒತ್ತಡ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಗ್ಯಾರೇಜಿಗೆ ಕಳೆದ ಬೇಸಿಗೆಯಲ್ಲಿ ಧಾರವಾಡದ ತರುಣನೊಬ್ಬ ತನ್ನ ಕಾರನ್ನು ತಂದಾಗ, ಅದರ ಹಿಂದಿನ ಸೀಟಿನ ಮೇಲೆ ಈಗಾಗಲೇ ಬದಲಾಯಿಸಿ ತೆಗೆದ ಬಿಡಿಭಾಗಗಳ ಚೀಲವೊಂದಿತ್ತು. ನಾಲ್ಕು ಸ್ಪಾರ್ಕ್ ಪ್ಲಗ್, ಎರಡು ಇಗ್ನಿಷನ್ ಕಾಯಿಲ್, ಒಂದು ಫಿಲ್ಟರ್, ಒಂದು ಪೆಟ್ರೋಲ್ ಪಂಪು. 1.6 ಲೀಟರಿನ ಹಳೆಯ ಎಂಜಿನ್ನಿಗೆ ಹೊರಗಿನಿಂದ ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಯಂತ್ರ) ಕೂಡಿಸಿದ್ದ ಕಾರು ಅದು. "ಸರ್, ಊರಾಗ ಅಡ್ಡಾಡುವಾಗ ಏನೂ ತೊಂದ್ರಿ ಇಲ್ರಿ. ಅರಬೈಲ್ ಘಾಟ್ ಹತ್ತೂ ಮುಂದ ಮೂರನೇ ಗೇರಿನ್ಯಾಗ ಪೂರ್ತಿ ಒತ್ತಿದ್ರ ಉಸಿರು ಕಟ್ಟಿದಂಗ ಆಗಿ ಜಗ್ಗೂದ ಬಿಡ್ತೈತ್ರಿ" ಎಂದು ಆತ ಹೇಳಿದ. ಈ ಮೊದಲು ಕಾರನ್ನು ನೋಡಿದವರು ಪೆಟ್ರೋಲಿನ ಒತ್ತಡ ಪರೀಕ್ಷಿಸಿರಲಿಲ್ಲವೇ ಎಂದು ಕೇಳಿದೆ. ಪರೀಕ್ಷಿಸಿದ್ದರು, ಗೇಜು 3 ಬಾರ್ ತೋರಿಸಿತ್ತು, ಆದ್ದರಿಂದ ಪೆಟ್ರೋಲಿನ ಕಡೆ ದೋಷವಿಲ್ಲವೆಂದು ತೀರ್ಮಾನಿಸಿದ್ದರು.

ಆ ತೀರ್ಮಾನವೇ ತಪ್ಪಿನ ಮೂಲ. ನಿಂತ ಕಾರಿನಲ್ಲಿ ಕಂಡ 3 ಬಾರ್, ಘಾಟಿನಲ್ಲಿ ಪೂರ್ತಿ ಬೂಸ್ಟಿನಲ್ಲಿ, ಅಂದರೆ ಟರ್ಬೊ ತುಂಬುವ ಗಾಳಿಯ ಹೆಚ್ಚುವರಿ ಒತ್ತಡದಲ್ಲಿ, ಏರುತ್ತಿರುವ ಕಾರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರು ಎಷ್ಟು ಬಿಡುತ್ತದೆ ಎಂಬುದು ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯ, ಅಂದರೆ ರೇಲಿನ, ಒತ್ತಡವೊಂದರಿಂದಲೇ ನಿರ್ಧಾರವಾಗುವುದಿಲ್ಲ. ರೇಲಿನ ಒತ್ತಡಕ್ಕೂ ಇಂಜೆಕ್ಟರಿನ ಮೂತಿ ಇರುವ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಒತ್ತಡಕ್ಕೂ ಇರುವ ಅಂತರದಿಂದ ನಿರ್ಧಾರವಾಗುತ್ತದೆ. ಟರ್ಬೊ 1 ಬಾರ್ ಗಾಳಿಯನ್ನು ಮ್ಯಾನಿಫೋಲ್ಡಿಗೆ ತುಂಬಿದಾಗ ಆ ಗಾಳಿ ಇಂಜೆಕ್ಟರಿನ ಬಾಯಿಗೆ ಎದುರಾಗಿ ಒತ್ತುತ್ತದೆ. ಆಗ ರೇಲಿನಲ್ಲಿ 3 ಬಾರ್ ಮಾತ್ರ ಉಳಿದಿದ್ದರೆ ನಿಜವಾಗಿ ಕೆಲಸ ಮಾಡುವುದು 2 ಬಾರ್. ಹರಿವು ಈ ಅಂತರದ ವರ್ಗಮೂಲದ ಪ್ರಮಾಣದಲ್ಲಿ ಬದಲಾಗುವುದರಿಂದ, ಎಂಜಿನ್ನಿಗೆ ಅತ್ಯಂತ ಹೆಚ್ಚು ಪೆಟ್ರೋಲ್ ಬೇಕಾದ ಗಳಿಗೆಯಲ್ಲೇ ಅದಕ್ಕೆ ಶೇಕಡಾ 18ರಷ್ಟು ಕಡಿಮೆ ಸಿಗುತ್ತದೆ. ಗಾಳಿ-ಪೆಟ್ರೋಲಿನ ಮಿಶ್ರಣ ತೆಳುವಾಗುತ್ತದೆ, ಸಿಲಿಂಡರಿನಲ್ಲಿ ಮಿಶ್ರಣ ತಾನಾಗಿಯೇ ಸಿಡಿದು ಟಪಟಪ ಎಂಬ ನಾಕಿಂಗ್ ಶುರುವಾಗುತ್ತದೆ, ಚಾಲಕ ಅದನ್ನು ಕೇಳಿಸಿಕೊಳ್ಳದೆ ಹೋದರೆ ಪಿಸ್ಟನ್ನಿನ ಅಂಚು ಕರಗುತ್ತದೆ. ಹಾಗೆ ಕರಗಿದ ಪಿಸ್ಟನ್ನುಗಳನ್ನು ನನ್ನ ಕೈಯಿಂದಲೇ ಬಿಚ್ಚಿ ತೆಗೆದಿದ್ದೇನೆ. ಮಾಲೀಕರ ಮುಖ ನೋಡುವುದೇ ಕಷ್ಟದ ಕೆಲಸ.

ಇದನ್ನು ತಪ್ಪಿಸಲೆಂದೇ, ಮಿಕ್ಕ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪು ಇರುವ ವ್ಯವಸ್ಥೆಯಲ್ಲಿ, ರೇಲಿನ ಒತ್ತಡ ನಿಯಂತ್ರಿಸುವ ರೆಗ್ಯುಲೇಟರಿಗೆ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ನಳಿಕೆ ಬರುತ್ತದೆ. ಮ್ಯಾನಿಫೋಲ್ಡಿನಲ್ಲಿ ಎಷ್ಟು ಒತ್ತಡ ಏರಿತೋ ಅಷ್ಟನ್ನೇ ರೆಗ್ಯುಲೇಟರ್ ರೇಲಿನಲ್ಲೂ ಏರಿಸುತ್ತದೆ. ಮೂಲ ಒತ್ತಡ 3 ಬಾರ್ ಇದ್ದರೆ, ಐಡಲಿಂಗಿನಲ್ಲಿ ವ್ಯಾಕ್ಯೂಮಿನ ಎಳೆತದಿಂದ ಗೇಜು ಸುಮಾರು 2.4 ತೋರಿಸಬೇಕು, ನಳಿಕೆ ಕಳಚಿ ಮ್ಯಾನಿಫೋಲ್ಡಿನ ಕಡೆಯ ಬಾಯಿ ಮುಚ್ಚಿದರೆ 3 ಆಗಬೇಕು, 1 ಬಾರ್ ಬೂಸ್ಟಿನಲ್ಲಿ 4 ಆಗಬೇಕು. ಮೂಲ ಒತ್ತಡವನ್ನು ಹೊಂದಿಸುವುದು ಯಾವಾಗಲೂ ನಳಿಕೆ ಕಳಚಿದ ಸ್ಥಿತಿಯಲ್ಲೇ. ಆ ನಳಿಕೆ ಕಳಚಿದಾಗ ಒಳಗಿನಿಂದ ಪೆಟ್ರೋಲಿನ ಹಸಿ ಕಂಡರೆ ರೆಗ್ಯುಲೇಟರಿನ ಡಯಾಫ್ರಾಂ (ಒಳಪೊರೆ) ಹರಿದಿದೆ ಎಂದೇ ಅರ್ಥ. ಬೂಸ್ಟ್ ಗೇಜಿಗೂ, ಹೆಚ್ಚಾದ ಬೂಸ್ಟನ್ನು ಹೊರಬಿಡುವ ಬ್ಲೋ-ಆಫ್ ವಾಲ್ವಿಗೂ ಹೋಗುವ ನಳಿಕೆಯಿಂದಲೇ ಕವಲು ತೆಗೆದು ರೆಗ್ಯುಲೇಟರಿಗೆ ಕೊಡುವ ಅಭ್ಯಾಸ ನಮ್ಮ ಭಾಗದಲ್ಲಿ ಬಹಳ ಇದೆ. ಅದನ್ನು ನಾನು ಒಪ್ಪುವುದಿಲ್ಲ. ರೆಗ್ಯುಲೇಟರಿಗೆ ಪ್ರತ್ಯೇಕ ಬಾಯಿ ಇರಬೇಕು, ನಳಿಕೆಯ ಎರಡೂ ತುದಿಗೆ ಕ್ಲಿಪ್ ಇರಬೇಕು.

ಧಾರವಾಡದ ಕಾರಿಗೆ ನಾವು ಮೊದಲು ರೇಲಿಗೆ ಒತ್ತಡದ ಸೆನ್ಸರ್ ಕೂಡಿಸಿದೆವು. ಪೆಟ್ರೋಲ್ ತುಂಬಿದ ಗೇಜಿನ ಪೈಪನ್ನು ಕಿಟಕಿಯಿಂದ ಕಾರಿನೊಳಗೆ ತಂದು ನೋಡುತ್ತಾ ಓಡಿಸುವವರಿದ್ದಾರೆ. ಆ ಪೈಪು ಸೋರಿದರೆ ಬೆಂಕಿ ಹತ್ತುವುದು ಕುಳಿತವರ ಮಡಿಲಿನಲ್ಲೇ. ಸೆನ್ಸರಿನಿಂದ ಒಳಗೆ ಬರುವುದು ತಂತಿ ಮಾತ್ರ. ಲ್ಯಾಪ್‌ಟಾಪಿನಲ್ಲಿ ಬೂಸ್ಟ್, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ ಅಳತೆ; ಏರಿದಷ್ಟೂ ಮಿಶ್ರಣ ತೆಳು), ರೇಲಿನ ಒತ್ತಡ ಮೂರೂ ಒಂದೇ ಕಾಲರೇಖೆಯ ಮೇಲೆ ದಾಖಲಾಗುತ್ತವೆ. ಇಲ್ಲೊಂದು ಸ್ಥಳೀಯ ಎಚ್ಚರಿಕೆ ಬೇಕು. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಎಂಜಿನ್ ನಿಂತಿರುವಾಗ, ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇಲ್ಲಿ 101 ಕಿಲೋಪಾಸ್ಕಲ್ ತೋರಿಸುವುದಿಲ್ಲ, 94ರ ಆಸುಪಾಸು ತೋರಿಸುತ್ತದೆ. ಮ್ಯಾಪ್ ಸೆನ್ಸರ್ ಶೂನ್ಯದಿಂದ ಅಳೆಯುತ್ತದೆ, ರೇಲಿನ ಸೆನ್ಸರ್ ಸಾಮಾನ್ಯವಾಗಿ ಊರಿನ ಗಾಳಿಯ ಒತ್ತಡದಿಂದ ಮೇಲಕ್ಕೆ ಅಳೆಯುತ್ತದೆ. ಎರಡನ್ನು ಹೋಲಿಸುವಾಗ ಪುಸ್ತಕದ ಅಂಕಿಯ ಬದಲು ನಮ್ಮ ಊರಿನ ಅಂಕಿಯನ್ನೇ ಕಳೆಯಬೇಕು.

ಬೈಪಾಸಿನ ಏರಿನಲ್ಲಿ ಮೂರನೇ ಗೇರಿನ ಒಂದೇ ಓಟಕ್ಕೆ ಚಿತ್ರ ಸ್ಪಷ್ಟವಾಯಿತು. ಬೂಸ್ಟ್ 0.8 ಬಾರ್ ಮುಟ್ಟಿದಾಗ ರೇಲಿನಲ್ಲಿ 3.8 ಇರಬೇಕಿತ್ತು, ಇದ್ದದ್ದು 2.9. ಲ್ಯಾಂಬ್ಡಾ 0.80ರಲ್ಲಿ ನಿಲ್ಲಬೇಕಾದದ್ದು 0.95 ದಾಟಿತ್ತು. ನಾನು ತಕ್ಷಣ ಎಕ್ಸಲರೇಟರಿನಿಂದ ಕಾಲು ತೆಗೆಸಿದೆ. ಕಾರಣ ಗೊತ್ತಾಗುವವರೆಗೆ ಎರಡನೇ ಓಟ ಬೇಕಿರಲಿಲ್ಲ.

ಒತ್ತಡ ಬಿದ್ದದ್ದು ಖಚಿತವಾದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಪೆಟ್ರೋಲ್ ಬರುತ್ತಿಲ್ಲವೋ, ಬಂದದ್ದು ನಿಲ್ಲುತ್ತಿಲ್ಲವೋ? ಇದನ್ನು ರಸ್ತೆಗೆ ಇಳಿಯದೆ ಗ್ಯಾರೇಜಿನಲ್ಲೇ ತಿಳಿಯುವ ವಿಧಾನವಿದೆ, ಮತ್ತು ಟರ್ಬೊ ಕೆಲಸ ಮಾಡುವ ಪ್ರತಿಯೊಬ್ಬ ಮೆಕ್ಯಾನಿಕ್ ಇದನ್ನು ರೂಢಿಸಿಕೊಳ್ಳಬೇಕೆಂಬುದು ನನ್ನ ಕಳಕಳಿ. ಎಂಜಿನ್ ಆರಿಸಿ, ಬ್ಯಾಟರಿಗೆ ಚಾರ್ಜರ್ ಕೂಡಿಸಿ ವೋಲ್ಟೇಜು 13.5ರಷ್ಟಿರುವಂತೆ ನೋಡಿಕೊಂಡು, ರಿಲೇ ಜಾಗದಿಂದ ಪಂಪನ್ನು ನೇರವಾಗಿ ಓಡಿಸಬೇಕು. ರಿಟರ್ನ್ ಪೈಪನ್ನು ಅಳತೆ ಗುರುತಿರುವ ಲೋಹದ ಕ್ಯಾನಿಗೆ ಬಿಡಬೇಕು. ರೆಗ್ಯುಲೇಟರಿನ ನಳಿಕೆಗೆ ಗೇಜಿರುವ ಸೈಕಲ್ ಪಂಪಿನಿಂದ ನಿಧಾನವಾಗಿ 1 ಬಾರ್ ಗಾಳಿ ತುಂಬಬೇಕು. ಎಂಜಿನ್ ಬೂಸ್ಟಿನಲ್ಲಿದೆಯೆಂದು ಆಗ ರೆಗ್ಯುಲೇಟರ್ ನಂಬುತ್ತದೆ. ರೇಲಿನ ಒತ್ತಡ 3ರಿಂದ 4ಕ್ಕೆ ಗಾಳಿಯ ಜೊತೆಜೊತೆಗೇ ಏರಬೇಕು, ಏರಿದ ಮೇಲೂ ಕ್ಯಾನಿಗೆ ಧಾರೆ ಬೀಳುತ್ತಿರಬೇಕು. ಆ ಧಾರೆಯನ್ನು ಒಂದು ನಿಮಿಷ ಅಳೆದರೆ ಪೂರ್ತಿ ಬೂಸ್ಟಿನಲ್ಲಿ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಲಭ್ಯವಿದೆ ಎಂಬ ಲೆಕ್ಕ ಕೈಗೆ ಸಿಗುತ್ತದೆ.

ಒತ್ತಡ ಏರದೆ ನಿಂತು, ಕ್ಯಾನಿಗೆ ಮಾತ್ರ ಧಾರಾಳವಾಗಿ ಬೀಳುತ್ತಿದ್ದರೆ ದೋಷ ರೆಗ್ಯುಲೇಟರಿನದು ಅಥವಾ ಅದರ ಗಾಳಿಯ ನಳಿಕೆಯದು. ಒತ್ತಡ ಏರದೆ, ಧಾರೆಯೂ ನಿಂತುಹೋದರೆ ರೆಗ್ಯುಲೇಟರ್ ತನ್ನ ಬಾಯಿಯನ್ನು ಪೂರ್ತಿ ಮುಚ್ಚಿ ಕಾಯುತ್ತಿದೆ, ಹಿಂದಿನಿಂದ ಸರಬರಾಜೇ ಇಲ್ಲ. ದೊಡ್ಡ ಪಂಪು ಹಾಕಿದ ಕಾರಿನಲ್ಲಿ ಗಾಳಿ ತುಂಬುವ ಮೊದಲೇ ಒತ್ತಡ 3ಕ್ಕಿಂತ ಮೇಲೆ ನಿಂತು, ರೆಗ್ಯುಲೇಟರಿನ ಸ್ಕ್ರೂ ಎಷ್ಟು ತಿರುಗಿಸಿದರೂ ಇಳಿಯದಿದ್ದರೆ, ಹಳೆಯ ಸಣ್ಣ ರಿಟರ್ನ್ ಪೈಪು ಅಷ್ಟು ಪೆಟ್ರೋಲನ್ನು ವಾಪಸು ಒಯ್ಯಲಾರದೆ ಕಟ್ಟಿಕೊಂಡಿದೆ.

ಈ ಕಾರಿನಲ್ಲಿ ಕಂಡದ್ದು ಎರಡನೆಯದು. ಗಾಳಿ ತುಂಬುತ್ತಾ ಹೋದಂತೆ ರೇಲು 3.4 ಬಾರಿಗೆ ಬಂದು ಅಲ್ಲೇ ನಿಂತಿತು, ಕ್ಯಾನಿನ ಧಾರೆ ಹನಿಯಾಗಿ ನಿಂತೇಹೋಯಿತು. ಪಂಪು ಚಿಕ್ಕದಾಯಿತು, ಇನ್ನೂ ದೊಡ್ಡದು ಹಾಕೋಣ ಎಂಬ ಮಾತು ಸಾಮಾನ್ಯವಾಗಿ ಇಲ್ಲಿಯೇ ಹುಟ್ಟುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. 200 ಅಶ್ವಶಕ್ತಿಯ ಟರ್ಬೊ ಪೆಟ್ರೋಲ್ ಎಂಜಿನ್ನಿಗೆ ಪೂರ್ತಿ ಹೊರೆಯಲ್ಲಿ ಗಂಟೆಗೆ ಸುಮಾರು 75 ಲೀಟರ್ ಸಾಕು. ಈತ ಹಾಕಿಸಿದ್ದು ಗಂಟೆಗೆ 255 ಲೀಟರಿನ ಪಂಪು. ಒತ್ತಡ ಏರಿದಂತೆ ಪಂಪಿನ ಹರಿವು ಇಳಿಯುತ್ತದೆಂದು ಎಷ್ಟೇ ಕಳೆದರೂ 4 ಬಾರಿನಲ್ಲಿ ಅದು ಸೋಲಲು ಕಾರಣವಿಲ್ಲ. ಪಂಪಿನ ಪ್ಲಗ್ಗಿನಲ್ಲೇ ವೋಲ್ಟೇಜು ಅಳೆದೆವು, 13.1 ಇತ್ತು. ಎಷ್ಟೋ ಕಾರುಗಳಲ್ಲಿ ಕಂಪನಿಯ ತೆಳು ತಂತಿಯ ಮೇಲೇ ದೊಡ್ಡ ಪಂಪು ಓಡಿಸಿ ಅಲ್ಲಿಗೆ 11 ವೋಲ್ಟ್ ಮಾತ್ರ ತಲುಪುವುದನ್ನು ನೋಡಿದ್ದೇನೆ. ಅಂಥ ಕಡೆ ಬ್ಯಾಟರಿಯಿಂದ ಫ್ಯೂಸು, ರಿಲೇ ಸಹಿತ ದಪ್ಪ ತಂತಿ ಎಳೆದು, ಅರ್ಥಿಂಗ್ ಸರಿಪಡಿಸಿದರೆ ಮುಗಿಯುತ್ತದೆ. ಇದು ಅದಲ್ಲ.

ಹಿಂದಿನ ಸೀಟು ಎತ್ತಿ, ಪಂಪಿನ ಮುಚ್ಚಳದ ಬಳಿ ಕಿವಿಯಿಟ್ಟು ಕೇಳಿದೆ. 3 ಬಾರಿನಲ್ಲಿ ಪಂಪಿನ ಗುಂಯ್ ಎಂಬ ಒಂದೇ ನಾದ. ನಮ್ಮ ಹುಡುಗ ಗಾಳಿ ತುಂಬುತ್ತಿದ್ದಂತೆ, ಆ ನಾದದ ಕೆಳಗೆ ಕೊಡದಲ್ಲಿ ನಲ್ಲಿ ಬಿಟ್ಟಂತೆ ಸುಯ್ ಎಂಬ ಇನ್ನೊಂದು ಸದ್ದು ಸೇರಿಕೊಂಡಿತು. ಪಂಪಿನ ಜೋಡಣೆಯನ್ನು ಹೊರಗೆ ತೆಗೆದಾಗ ಕಾರಣ ಕೈಯಲ್ಲೇ ಇತ್ತು. ಪಂಪಿನ ಮೂತಿಯಿಂದ ಮುಚ್ಚಳದ ಲೋಹದ ನಳಿಕೆಗೆ ಹೋಗುವ ಬೆರಳುದ್ದದ ರಬ್ಬರ್ ಪೈಪು ಊದಿಕೊಂಡು, ಒತ್ತಿದರೆ ನೆನೆದ ಸಬ್ಬಕ್ಕಿಯಂತೆ ಮೆತ್ತಗಾಗಿತ್ತು. ಸ್ಕ್ರೂ ಕ್ಲಿಪ್ಪಿನ ಹಲ್ಲು ಕಚ್ಚಿದ ಜಾಗದಲ್ಲಿ ಉಗುರಿನಷ್ಟು ಉದ್ದದ ಸೀಳು. ಕಡಿಮೆ ಒತ್ತಡದಲ್ಲಿ ಆ ಸೀಳು ಮುಚ್ಚಿಕೊಂಡಿರುತ್ತಿತ್ತು, ಒತ್ತಡ ಏರಿದಾಗ ಬಾಯಿ ತೆರೆದು ಪೆಟ್ರೋಲನ್ನು ಟ್ಯಾಂಕಿನೊಳಗೇ ಚೆಲ್ಲುತ್ತಿತ್ತು. ಹೊರಗೆ ಒಂದು ಹನಿ ಸೋರಿಕೆಯಿಲ್ಲ, ವಾಸನೆಯಿಲ್ಲ. ಹೊಸ ಪಂಪು ಕೂಡಿಸುವಾಗ ಹಾಕಿದ ಪೈಪೇ ಅದು.

ಪೆಟ್ರೋಲ್ ಪೈಪು ಕೊಡಿ ಎಂದು ಕೇಳಿ ಮೀಟರ್ ಲೆಕ್ಕದಲ್ಲಿ ತರುವವರು ಅದರ ಮೇಲಿನ ಅಚ್ಚನ್ನು ಓದಬೇಕು. ಎಸ್‌ಎಇ ಜೆ30ಆರ್7 ಎಂದಿದ್ದರೆ ಅದು ಕಾರ್ಬ್ಯುರೇಟರಿನ ಕಾಲದ ಕಡಿಮೆ ಒತ್ತಡದ ಪೈಪು. ಜೆ30ಆರ್9 ಇಂಜೆಕ್ಷನ್ ಒತ್ತಡವನ್ನು ತಡೆಯುತ್ತದೆ, ಆದರೆ ಟ್ಯಾಂಕಿನ ಹೊರಗೆ ಮಾತ್ರ, ಏಕೆಂದರೆ ಅದರ ಒಳಪದರ ಪೆಟ್ರೋಲಿಗೆ ಒಗ್ಗಿದ್ದರೂ ಹೊರಪದರ ಒಗ್ಗಿಲ್ಲ. ಒಳಗೂ ಹೊರಗೂ ಪೆಟ್ರೋಲಿನಲ್ಲಿ ಮುಳುಗಿರಬೇಕಾದ ಜಾಗಕ್ಕೆ ಜೆ30ಆರ್10 ಬೇಕು. ಅದು ದುಬಾರಿ, ಗಟ್ಟಿ, ಹುಡುಕಿದರೂ ಬೇಗ ಸಿಗುವುದಿಲ್ಲ; ತರಿಸಿಕೊಂಡೇ ಹಾಕಬೇಕು. ಈಗ ಬಂಕುಗಳಲ್ಲಿ ಸಿಗುತ್ತಿರುವ ಇ20 ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುವುದರಿಂದ ಹಳೆಯ ರಬ್ಬರಿನ ಮೇಲೆ ಅದರ ಪರಿಣಾಮ ಇನ್ನೂ ಹೆಚ್ಚು. ಹಲ್ಲಿನ ಕ್ಲಿಪ್ಪಿನ ಬದಲು ಅಂಚು ಮಡಿಚಿದ ಇಂಜೆಕ್ಷನ್ ಕ್ಲಿಪ್ ಬಳಸಬೇಕು.

ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಕಾರುಗಳಿಗೆ ಈ ಕ್ಯಾನಿನ ವಿಧಾನ ಹೊಂದುವುದಿಲ್ಲ. ಅಲ್ಲಿ ಟ್ಯಾಂಕಿನಿಂದ ಬರುವ ಕಡಿಮೆ ಒತ್ತಡದ ಕಡೆಯನ್ನು ಗೇಜಿನಿಂದ ನೋಡಬಹುದು, ಹೆಚ್ಚಿನ ಒತ್ತಡದ ಕಡೆಯನ್ನು ಸ್ಕ್ಯಾನರಿನಿಂದ ಮಾತ್ರ ನೋಡಬೇಕು. 200 ಬಾರ್ ಅಥವಾ ಅದಕ್ಕೂ ಮೀರಿದ ಧಾರೆ ಚರ್ಮವನ್ನು ಭೇದಿಸಿ ಒಳಹೋಗಬಲ್ಲದು. ಆ ಪೈಪಿನ ನಟ್ಟನ್ನು ಊಹೆಯ ಮೇಲೆ ಸಡಿಲಿಸಬೇಡಿ. ಯಾವ ಕಾರಿನಲ್ಲೇ ಆಗಲಿ, ಪೆಟ್ರೋಲ್ ಪೈಪು ಬಿಚ್ಚುವ ಮೊದಲು ಎಂಜಿನ್ ತಣ್ಣಗಾಗಿರಬೇಕು, ಪಂಪಿನ ಫ್ಯೂಸು ತೆಗೆದು ಒತ್ತಡ ಇಳಿಸಿರಬೇಕು, ಪುಡಿ ತುಂಬಿದ ಅಗ್ನಿಶಾಮಕ ಕೈಗೆಟಕುವಂತಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ಸ್ವರೂಪವನ್ನು ಮನಬಂದಂತೆ ಬದಲಾಯಿಸಲು ಬಿಡುವುದಿಲ್ಲ ಎಂಬುದನ್ನೂ ಕಾರು ತರುವ ಪ್ರತಿ ತರುಣನಿಗೆ ನಾನು ಮೊದಲೇ ಹೇಳುತ್ತೇನೆ.

ಹೊಸ ಪೈಪು ಹಾಕಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದಾಗ ರೇಲು 4 ಬಾರಿಗೆ ಏರಿ ನಿಂತಿತು, ಕ್ಯಾನಿಗೆ ನಿಮಿಷಕ್ಕೆ 3 ಲೀಟರಿಗೂ ಮಿಕ್ಕಿ ಬಿತ್ತು. ಆತನ ಹಳೆಯ ಕಾಯಿಲ್‌ಗಳನ್ನು ಪರೀಕ್ಷಿಸಿ, ಚೆನ್ನಾಗಿದ್ದುದರಿಂದ ಚೀಲದೊಂದಿಗೇ ವಾಪಸು ಕೊಟ್ಟೆವು. ವಾರದ ನಂತರ ಅರಬೈಲ್ ಘಾಟಿನ ದಾಖಲೆಯನ್ನು ಆತ ಕಳುಹಿಸಿದ: ಕಾಲು ಟ್ಯಾಂಕ್ ಪೆಟ್ರೋಲ್, ಮಧ್ಯಾಹ್ನದ ಬಿಸಿಲು, ಬೂಸ್ಟ್ 0.8, ರೇಲು 3.8, ಲ್ಯಾಂಬ್ಡಾ 0.80. ಒಂದು ಸಾವಿರ ಕಿಲೋಮೀಟರಿಗೆ ಕಾರು ತಂದು ಕ್ಲಿಪ್ಪುಗಳನ್ನು ತೋರಿಸಿಕೊಂಡು ಹೋಗಲು ಹೇಳಿದ್ದೇನೆ.