ಶರಣಾಗತಿ 18ರಂದು, ಧ್ವಜಾರೋಹಣ 17ರಂದೇಕೆ?

ಓದುಗರ ಪ್ರಶ್ನೆ: ಹೈದರಾಬಾದ್ ಸೇನೆ ಶರಣಾದದ್ದು 1948ರ ಸೆಪ್ಟೆಂಬರ್ 18ರಂದು ಎಂದು ಓದಿದ್ದೇನೆ. ಹಾಗಾದರೆ ಕಲಬುರಗಿಯಲ್ಲಿ ನಾವು 17ರಂದು ಧ್ವಜ ಹಾರಿಸುವುದೇಕೆ?

ನೀವು ಓದಿದ್ದು ಸರಿ. ಹೈದರಾಬಾದ್ ಸೇನಾಧಿಪತಿ ಎಲ್ ಎದ್ರೂಸ್ ಅವರು ಭಾರತೀಯ ಸೇನೆಯ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರೆದುರು ವಿಧಿವತ್ತಾಗಿ ಶರಣಾದದ್ದು 18ರಂದೇ. ಆದರೆ 13ರಂದು ಭಾರತೀಯ ಸೇನೆ ಕಲಬುರಗಿಯೂ ಸೇರಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದೊಳಕ್ಕೆ ಕಾಲಿಟ್ಟ ಮೇಲೆ ಐದನೆಯ ದಿನ, ಅಂದರೆ 17ರಂದು, ಸಂಸ್ಥಾನದ ಪ್ರಧಾನಿ ಲಾಯಕ್ ಅಲಿ ಅವರ ಮಂತ್ರಿಮಂಡಲ ರಾಜೀನಾಮೆ ನೀಡಿತು. ಅದೇ ದಿನ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಅವರು ರೇಡಿಯೋದಲ್ಲಿ ಕದನ ನಿಲ್ಲಿಸಿರುವುದಾಗಿ ಸಾರಿದರು. ಅದೇ ವರ್ಷದ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡವನ್ನು ಕಂಡವರಿಗೆ, ನಿಜಾಮರ ಪರವಾಗಿದ್ದ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಗೆ ಅಂಜಿ ಮನೆ ಬಿಟ್ಟು ಗಡಿಯಾಚೆಗೆ ಹೋದವರಿಗೆ, ಸೇನಾಧಿಪತಿಗಳ ನಡುವಿನ ವಿಧಿಗಿಂತ ಆ ಘೋಷಣೆಯೇ ಬಿಡುಗಡೆಯ ಗಳಿಗೆಯಾಗಿತ್ತು. ತಾರೀಖಿನ ಆಯ್ಕೆ ನನಗೆ ಸರಿಯೆನಿಸುವುದು ಇದೇ ಕಾರಣಕ್ಕೆ. ಮರಾಠವಾಡದವರೂ ಇದೇ ದಿನವನ್ನು ಮುಕ್ತಿಸಂಗ್ರಾಮ ದಿನವೆಂದು ಆಚರಿಸುತ್ತಾರೆ.

ಆದರೆ ಅಂದೇ ಎಲ್ಲವೂ ಮುಗಿಯಿತೆಂದು ಭಾಷಣಗಳಲ್ಲಿ ಹೇಳುವುದು ತಪ್ಪು. ಸಂಸ್ಥಾನ ಭಾರತದ ಸಂವಿಧಾನವನ್ನು ಒಪ್ಪಿಕೊಂಡದ್ದು 1949ರ ನವೆಂಬರ್‌ನಲ್ಲಿ. ನಿಜಾಮರು 1950ರಿಂದ ಹೈದರಾಬಾದ್ ರಾಜ್ಯದ ರಾಜಪ್ರಮುಖರೂ (ರಾಜ್ಯಪಾಲರಿಗೆ ಸಮನಾದ ಹುದ್ದೆ) ಆಗಿದ್ದರು. ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದ್ದು 1956ರ ನವೆಂಬರ್ 1ರಂದು, ಅದೂ ಕೆಲವು ತಾಲ್ಲೂಕುಗಳನ್ನು ನೆರೆರಾಜ್ಯಗಳಿಗೆ ಬಿಟ್ಟುಕೊಟ್ಟು.

2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದು, ಸೆಪ್ಟೆಂಬರ್ 17ರ ವಿಮೋಚನಾ ದಿನ ಕಲ್ಯಾಣ ಕರ್ನಾಟಕ ಉತ್ಸವವಾಯಿತು. ಹೆಸರು ಯಾವುದೇ ಇರಲಿ, ಪಟೇಲರ ಪ್ರತಿಮೆಗೆ ಮಾಲೆ ಹಾಕುವ ಆ ಬೆಳಿಗ್ಗೆ ಗೋರಟಾದ ಜೊತೆಗೆ ಮತ್ತೊಂದು ನೋವನ್ನೂ ನೆನೆಯಬೇಕೆಂಬುದು ನನ್ನ ಆಗ್ರಹ. ಪೊಲೀಸ್ ಕಾರ್ಯಾಚರಣೆ ಎಂದು ಕರೆಯಲಾದ ಆ ಸೇನಾ ಕಾರ್ಯಾಚರಣೆಯ ಸಮಯದಲ್ಲಿಯೂ ಅದರ ಬೆನ್ನಿಗೂ ಸಾವಿರಾರು ಮುಸ್ಲಿಮರು ಪ್ರಾಣ ಕಳೆದುಕೊಂಡರು. ಅದರ ವಿಚಾರಣೆಗೆಂದು ಬಂದ ಪಂಡಿತ್ ಸುಂದರಲಾಲ್ ಸಮಿತಿ ಅತಿ ಹೆಚ್ಚು ಬಾಧೆಗೊಳಗಾದವೆಂದು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ, ಉಸ್ಮಾನಾಬಾದ್ ಮತ್ತು ನಾಂದೇಡ್‌ಗಳ ಜೊತೆಗೆ, ನಮ್ಮ ಕಲಬುರಗಿಯೂ ಬೀದರೂ ಇವೆ.