ಜೇನುಪೆಟ್ಟಿಗೆಗೆ ಸಬ್ಸಿಡಿ ಇದೆ, ಕಾಯ್ದೆ ಇಲ್ಲ

ತುಮಕೂರಿನಲ್ಲಿ ಮನೆ ಹಿಂದಿನ ತೆಂಗಿನ ನೆರಳಿಗೆ ಒಂದು ಜೇನುಪೆಟ್ಟಿಗೆ ಇಡೋಣ ಎಂದವರಿಗೆ ಮೊದಲು ಬರುವ ಅನುಮಾನ, ಪಾಲಿಕೆಯವರ ಪರ್ಮಿಷನ್ ಬೇಕಾ ಎಂಬುದು. ಜೇನು ಸಾಕುವುದಕ್ಕೆಂದೇ ಮಾಡಿದ ಪ್ರತ್ಯೇಕ ಕಾಯ್ದೆ ಕರ್ನಾಟಕದಲ್ಲಿಲ್ಲ. ಯಾಕಿಲ್ಲ ಎಂಬುದಕ್ಕೆ ಹಳೆಯ ಕಾರಣವಿದೆ.

1928ರಲ್ಲಿ ಕೃಷಿ ಕುರಿತ ರಾಯಲ್ ಕಮಿಷನ್ ಜೇನು ಸಾಕಣೆಯನ್ನು ಗುಡಿ ಕೈಗಾರಿಕೆಯಾಗಿ ಬೆಳೆಸಲು ಹೇಳಿತು. ಸ್ವಾತಂತ್ರ್ಯದ ನಂತರ ಅದು ಖಾದಿ-ಗ್ರಾಮೋದ್ಯೋಗದವರ ಪಾಲಾಯಿತು. ಚರಕದ ಪಕ್ಕ ಕೂತ ಕಸುಬಿಗೆ ಪೆಟ್ಟಿಗೆ, ತರಬೇತಿ, ಸಹಾಯಧನ ಸಿಕ್ಕವು. ನಿಯಮದ ಯೋಚನೆ ಹಿಂದೆಯೇ ಉಳಿಯಿತು. ಕಾನೂನು ಕಣ್ಣಿಟ್ಟದ್ದು ಕಾಡಿನ ಜೇನಿನ ಮೇಲೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನಿಂದ ತಂದ ಜೇನುತುಪ್ಪ, ಮೇಣ ಎರಡೂ ಅರಣ್ಯ ಉತ್ಪನ್ನ. ದೇವರಾಯನದುರ್ಗದ ಕಾಡಿನ ಹೆಜ್ಜೇನು ಕಿತ್ತರೆ ಇಲಾಖೆ ಕೇಳಬಹುದು, ಹಿತ್ತಲ ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನಾದ ತುಡುವೆಯ ತುಪ್ಪಕ್ಕೆ ಆ ಕಾಟವಿಲ್ಲ.

1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣಕ್ಕೆ ಬಂತು. ಮರಿಹುಳುಗಳು ಕೋಶದಲ್ಲೇ ನೀರು ತುಂಬಿದ ಚೀಲದಂತಾಗಿ ಸಾಯುತ್ತವೆ, ಹೊಸ ಹುಳು ಹುಟ್ಟದೆ ಕುಟುಂಬ ಖಾಲಿಯಾಗುತ್ತದೆ. ಔಷಧಿ ಇಲ್ಲ. ತುಡುವೆ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಬರಿದಾದವು. ರೋಗದ ಪೆಟ್ಟಿಗೆಯನ್ನು ಊರಿಂದೂರಿಗೆ ಸಾಗಿಸಬಾರದೆಂಬ ಗಟ್ಟಿ ನಿಯಮಕ್ಕೆ ಅದಕ್ಕಿಂತ ಒಳ್ಳೆಯ ಕಾರಣ ಬೇಕಿತ್ತೇ? ಅದರ ಬದಲು ಆ ರೋಗಕ್ಕೆ ಜಗ್ಗದ, ಮೆಲ್ಲಿಫೆರಾ ಎಂಬ ಯುರೋಪಿನ ಜೇನಿನ ಕಡೆ ಹಲವರು ತಿರುಗಿದರು.

2021ರಲ್ಲಿ ಬಂದ ಕೇಂದ್ರ ಸರ್ಕಾರದ ಮಧುಕ್ರಾಂತಿ ಪೋರ್ಟಲ್ಲಿನಲ್ಲಿ ಸಾಕುವವರು ಹೆಸರು ನೋಂದಾಯಿಸಬಹುದು. ಅದೂ ತುಪ್ಪದ ಮೂಲ ಗುರುತಿಸಲು, ಯೋಜನೆಗಳ ಲಾಭಕ್ಕೆ; ಬೇಲಿಯಿಂದ ಪೆಟ್ಟಿಗೆ ಎಷ್ಟು ದೂರ ಇರಬೇಕೆಂದು ಅದು ಹೇಳುವುದಿಲ್ಲ. ತುಪ್ಪ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇರೆ.

ಹೀಗಾಗಿ ಪಕ್ಕದ ಮನೆಯವರು ತಕರಾರು ತೆಗೆದರೆ ಉಳಿಯುವುದು ಸಾಮಾನ್ಯ ಕಾನೂನೇ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ, ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಶಿಕ್ಷೆ ಹೇಳುತ್ತದೆ. ಮನುಷ್ಯನನ್ನು ಬಿಟ್ಟು ಜೀವವಿರುವುದೆಲ್ಲ ಅಲ್ಲಿ ಪ್ರಾಣಿಯೇ, ಜೇನುಹುಳುವೂ ಸೇರಿ. ಹಿಂಡೊಡೆದು ಪಕ್ಕದವರ ಮಾವಿನ ಕೊಂಬೆಗೆ ಕೂತ ಜೇನು ಯಾರ ವಶ ಎಂದು ವಕೀಲರು ವಾದಿಸಿಕೊಳ್ಳಲಿ.

ತಮಾಷೆಯೆಂದರೆ, ನೀರಿನ ಟ್ಯಾಂಕಿಗೆ ಕಟ್ಟಿದ ಹೆಜ್ಜೇನು ಎದ್ದು ಕಚ್ಚಿದರೂ ದೂರು ಪೆಟ್ಟಿಗೆಯವನ ಮೇಲೇ ಬರುತ್ತದೆ. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗದು ಎಂಬುದು ಕಚ್ಚಿಸಿಕೊಂಡವರಿಗೆ ಆ ಹೊತ್ತಿನಲ್ಲಿ ಹೇಳುವ ಮಾತಲ್ಲ. ನಿಯಮ ಬರುವತನಕ ಪೆಟ್ಟಿಗೆಯ ಬಾಗಿಲು ದಾರಿ ಕಡೆಗಿರದಿರಲಿ, ಬೇಸಿಗೆಯಲ್ಲಿ ಹತ್ತಿರವೇ ಒಂದು ತಟ್ಟೆ ನೀರಿರಲಿ. ಇಲ್ಲದಿದ್ದರೆ ಹುಳುಗಳು ಪಕ್ಕದ ಮನೆಯ ಸಂಪಿನ ನೀರಿಗೆ ಹೋಗುತ್ತವೆ, ಜಗಳ ಶುರುವಾಗುವುದು ಅಲ್ಲಿಂದಲೇ.