ಗೇರ್‌ಬಾಕ್ಸ್ ಹೋಗಿದೆ ಅಂದರು, ಒಂದೂವರೆ ಲಕ್ಷ ಹಾಕುವುದಾ, ಗಾಡಿ ಮಾರುವುದಾ?

ಪ್ರಶ್ನೆ: ನಮ್ಮ ಮನೆ ಬದಿಯಡ್ಕದಿಂದ ಒಳಗೆ. 2012ರ ಆಟೋಮ್ಯಾಟಿಕ್ ಕಾರು ಇದೆ, 1,60,000 ಕಿ.ಮೀ. ಓಡಿದೆ. ಈಚೆಗೆ ಬೆಳಿಗ್ಗೆ ‘ಡಿ’ಗೆ ಹಾಕಿದರೆ ಒಂದೆರಡು ಸೆಕೆಂಡು ಸುಮ್ಮನಿದ್ದು ಆಮೇಲೆ ದಡ್ ಅಂತ ಹಿಡಿಯುತ್ತದೆ. ರಸ್ತೆಯಿಂದ ಮನೆಗೆ ಬರುವ ಚಡಾವಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ವರ್ಕ್‌ಶಾಪ್‌ನವರು ಒಂದು ರೌಂಡ್ ಓಡಿಸಿ ನೋಡಿ, ಗೇರ್‌ಬಾಕ್ಸ್ ಹೋಗಿದೆ, ಒಂದೂವರೆ ಲಕ್ಷ ಆಗುತ್ತದೆ ಅಂದರು. ಮಾಡಿಸುವುದಾ, ಕೊಟ್ಟುಬಿಡುವುದಾ?

ಉತ್ತರ: ಈಗಲೇ ಎರಡೂ ಬೇಡ. ಮೊದಲು ಗೇರ್‌ಬಾಕ್ಸಿನ ಆಯಿಲ್ ನೋಡಿಸಿ.

ಒಂದು ರೌಂಡ್ ಓಡಿಸಿ ಗೇರ್‌ಬಾಕ್ಸ್ ಹೋಗಿದೆ ಎಂದು ತೀರ್ಮಾನ ಹೇಳಲು ಬರುವುದಿಲ್ಲ. ನೀವು ಬರೆದ ಎರಡು ತೊಂದರೆಗಳೂ, ಅಂದರೆ ತಡವಾಗಿ ಹಿಡಿಯುವುದು ಮತ್ತು ಚಡಾವಿನಲ್ಲಿ ಜಾರುವುದು, ಒಳಗಿನ ಕ್ಲಚ್ ಸುಟ್ಟರೂ ಬರುತ್ತವೆ, ಆಯಿಲ್ ಕಡಿಮೆಯಾದರೂ ಬರುತ್ತವೆ. ಎರಡನೆಯದಾದರೆ ಕೆಲವು ಸಾವಿರದಲ್ಲಿ ಮುಗಿಯುವ ಕೆಲಸ. ನೋಡದೆ ಬಿಚ್ಚಿದರೆ ಅದು ಗೊತ್ತೇ ಆಗುವುದಿಲ್ಲ.

ನಿಮ್ಮದು ಯಾವ ಥರದ ಆಟೋಮ್ಯಾಟಿಕ್ ಅಂತ ನೀವು ಬರೆದಿಲ್ಲ. ಆದರೆ 2012ರ ಗಾಡಿ ಅಂದ ಮೇಲೆ ಎಎಂಟಿ (ಮಾಮೂಲಿ ಗೇರ್‌ಬಾಕ್ಸಿನ ಕ್ಲಚ್, ಗೇರ್ ಕೆಲಸವನ್ನು ಯಂತ್ರವೇ ಮಾಡುವ ಥರ) ಆಗಿರಲಿಕ್ಕಿಲ್ಲ. ನಮ್ಮಲ್ಲಿ ಎಎಂಟಿ ಬಂದದ್ದು 2014ರಲ್ಲಿ, ಮಾರುತಿ ಸೆಲೆರಿಯೊ ಜೊತೆ. ಹಾಗಾಗಿ ನಿಮ್ಮದು ಹೆಚ್ಚಾಗಿ ಟಾರ್ಕ್ ಕನ್ವರ್ಟರ್ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ, ಆಯಿಲ್ ತುಂಬಿದ ಭಾಗ) ಇರುವ ಹಳೇ ಪದ್ಧತಿಯದ್ದೇ ಇರಬೇಕು. ಸಿವಿಟಿಯೋ (ಗೇರಿನ ಬದಲು ಬೆಲ್ಟ್ ಇರುವುದು) ಡ್ಯುಯಲ್ ಕ್ಲಚ್ಚೋ (ಎರಡು ಕ್ಲಚ್ ಇರುವುದು) ಆಗಿದ್ದರೆ ಲೆಕ್ಕ ಬೇರೆ. ಮಾಲೀಕರ ಪುಸ್ತಕದಲ್ಲಿ ಬರೆದಿರುತ್ತದೆ, ಮೊದಲು ಅದನ್ನು ನೋಡಿ. ಇದು ಗೊತ್ತಿಲ್ಲದೆ ಯಾರ ಹತ್ತಿರವೂ ರೇಟಿನ ಮಾತು ಬೇಡ. (ಎಎಂಟಿ ಇರುವವರೂ ಇದನ್ನು ಓದುತ್ತಿರಬಹುದು. ನಿಮ್ಮದರ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸ್, ಮಾಮೂಲಿ ಕ್ಲಚ್ ಪ್ಲೇಟ್. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಮಾತ್ರ ಆಕ್ಚುಯೇಟರ್ ಎಂಬ ಯಂತ್ರ ಮಾಡುತ್ತದೆ. ಚಡಾವಿನಲ್ಲಿ ಜಾರಿದರೆ ಮೊದಲ ಅನುಮಾನ ಕ್ಲಚ್ ಪ್ಲೇಟ್ ಮೇಲೆ. ಇಡೀ ಗೇರ್‌ಬಾಕ್ಸ್ ಬದಲಿಸಬೇಕು ಅಂದರೆ ಒಪ್ಪಬೇಡಿ.)

ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ ಆಯಿಲ್ ಅಂದರೆ ಬರೀ ಗ್ರೀಸಿನ ಕೆಲಸ ಮಾಡುವ ವಸ್ತು ಅಲ್ಲ. ಇಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ದಾಟುವುದೇ ಆಯಿಲ್ ಮೂಲಕ. ಒಳಗಿನ ಕ್ಲಚ್‌ಗಳನ್ನು ಒತ್ತಿ ಹಿಡಿಯುವುದೂ ಆಯಿಲ್ ಪ್ರೆಶರ್. ಬಿಸಿಯನ್ನು ಹೊರಗೆ ಒಯ್ಯುವುದೂ ಅದೇ. ಆಯಿಲ್ ಇಳಿದರೆ ಪಂಪ್ ಗಾಳಿ ಎಳೆಯುತ್ತದೆ, ಪ್ರೆಶರ್ ಬೀಳುತ್ತದೆ, ಕ್ಲಚ್ ಜಾರುತ್ತದೆ. ಚಡಾವಿನಲ್ಲಿ ಗಾಡಿ ಓರೆಯಾದಾಗ ಇದ್ದ ಸ್ವಲ್ಪ ಆಯಿಲ್ಲೂ ಒಂದು ಕಡೆ ಸರಿಯುತ್ತದೆ. ನಮ್ಮಲ್ಲಿ ಅರ್ಧ ಊರಿನ ಮನೆಗಳು ಗುಡ್ಡದ ಮೇಲೋ ತೋಟದ ತಗ್ಗಿನಲ್ಲೋ ಇರುವಾಗ, ಬಯಲಿನವರಿಗಿಂತ ಮೊದಲು ಈ ತೊಂದರೆ ನಮಗೇ ಕಾಣುತ್ತದೆ.

ಆಯಿಲ್ ನೋಡುವ ಕ್ರಮ ಹೀಗೆ. ಗಾಡಿಯನ್ನು ಹತ್ತಿಪ್ಪತ್ತು ನಿಮಿಷ ಓಡಿಸಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಬ್ರೇಕ್ ಒತ್ತಿಕೊಂಡೇ ಲಿವರನ್ನು ಎಲ್ಲ ಗೇರಿಗೂ ಒಮ್ಮೆ ದಾಟಿಸಿ ‘ಪಿ’ಗೆ ತನ್ನಿ. ಹೆಚ್ಚಿನ ಗಾಡಿಗಳಲ್ಲಿ ಇಂಜಿನ್ ಓಡುತ್ತಿರುವಾಗಲೇ ಗೇಜ್ ಕಡ್ಡಿ ಎಳೆದು ನೋಡಬೇಕು. ಹೋಂಡಾದ ಹಲವು ಗಾಡಿಗಳಲ್ಲಿ ಮಾತ್ರ ಇಂಜಿನ್ ಆಫ್ ಮಾಡಿ, ಒಂದು ಒಂದೂವರೆ ನಿಮಿಷದೊಳಗೆ ನೋಡುವ ಪದ್ಧತಿ. ಕಡ್ಡಿಯ ತುದಿಯ ಹನಿಯನ್ನು ಬಿಳಿ ಟಿಶ್ಯೂ ಮೇಲೆ ಒತ್ತಿ. ಕೆಂಪಗೆ ಹರಡಿದರೆ ಚೆನ್ನಾಗಿದೆ. ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರೆ ಹಳತಾಗಿದೆ ಅಷ್ಟೇ. ನಡುವೆ ಕಪ್ಪು ಚುಕ್ಕೆ ನಿಂತು, ಮೂಗಿಗೆ ಸುಟ್ಟ ವಾಸನೆ ಹೊಡೆದರೆ ಕ್ಲಚ್ ಸುಡಲು ಶುರುವಾಗಿದೆ. ಗುಲಾಬಿ ಬಣ್ಣದ ಹಾಲಿನಂತೆ ಕಂಡರೆ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಅನೇಕ ಕಾರುಗಳಲ್ಲಿ ಈ ಆಯಿಲ್ ತಣ್ಣಗಾಗುವುದು ರೇಡಿಯೇಟರಿನ ಒಳಗೇ. ಅಲ್ಲಿನ ಗೋಡೆ ತೂತಾದರೆ ಕೂಲಂಟ್ ಬಂದು ಸೇರುತ್ತದೆ, ಕ್ಲಚ್ ಪ್ಲೇಟಿನ ಅಂಟು ಬಿಟ್ಟುಹೋಗುತ್ತದೆ. ಮಳೆಗಾಲದಲ್ಲಿ ನೆರೆನೀರಿನಲ್ಲಿ ಗಾಡಿ ಇಳಿಸಿದ್ದರೆ ಗೇರ್‌ಬಾಕ್ಸಿನ ಬ್ರೀದರ್ (ಗಾಳಿಯಾಡುವ ಸಣ್ಣ ತೂತು) ಮೂಲಕವೂ ನೀರು ಹೋಗಿರಬಹುದು.

ಕಡ್ಡಿಯೇ ಇಲ್ಲದ ಗಾಡಿಗಳೂ ಇವೆ. ಅವುಗಳಲ್ಲಿ ಅಡಿಯಿಂದ ಪ್ಲಗ್ ಬಿಚ್ಚಿ, ಆಯಿಲ್ ಇಂತಿಷ್ಟೇ ಬಿಸಿ ಇರುವಾಗ ಲೆವೆಲ್ ನೋಡಬೇಕು. ಅದಕ್ಕೆ ಲಿಫ್ಟ್, ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನ ದೋಷದ ಕೋಡ್ ಓದುವ ಉಪಕರಣ) ಎರಡೂ ಇರುವ ವರ್ಕ್‌ಶಾಪೇ ಬೇಕು.

ಆಯಿಲ್ ಕಡಿಮೆ ಇದ್ದರೆ ಎಲ್ಲಿಗೆ ಹೋಯಿತು ಅಂತ ಹುಡುಕಿಸಿ, ಅದು ಇಂಜಿನ್ ಆಯಿಲಿನಂತೆ ಉರಿದು ಖಾಲಿಯಾಗುವುದಿಲ್ಲ. ಕಡಲ ಹತ್ತಿರದ ಉಪ್ಪುಗಾಳಿಗೆ ಕೂಲರ್ ಪೈಪಿನ ಜಾಯಿಂಟ್ ತುಕ್ಕು ಹಿಡಿಯುವುದು ಕುಂಬಳೆ, ಉಪ್ಪಳ, ಮಂಜೇಶ್ವರ ಕಡೆ ಹೊಸ ವಿಷಯವಲ್ಲ. ಅದೇ ಉಪ್ಪು ಬ್ಯಾಟರಿ ಟರ್ಮಿನಲ್, ಅರ್ತ್ ವಯರನ್ನೂ ತಿನ್ನುತ್ತದೆ. ವೋಲ್ಟೇಜ್ ಇಳಿದರೆ ಗೇರ್‌ಬಾಕ್ಸಿನ ಕಂಪ್ಯೂಟರ್ ತಲೆಕೆಟ್ಟ ಹಾಗೆ ಆಡುತ್ತದೆ. ಹಾಗಾಗಿ ಸ್ಕ್ಯಾನರ್ ಹಾಕುವ ಮೊದಲು ಬ್ಯಾಟರಿ ನೋಡಿಸಿ. ಸ್ಕ್ಯಾನರಿನಲ್ಲಿ ಬರೀ ‘ಪಿ0700’ ಬಂದರೆ ಅದಕ್ಕೆ ಅರ್ಥ ಗೇರ್‌ಬಾಕ್ಸ್ ಕಡೆ ಏನೋ ದೋಷ ಇದೆ ಅಂತ ಮಾತ್ರ. ಅದರ ಹಿಂದಿನ ಕೋಡ್ ಓದಿಸಬೇಕು. ಸೊಲೆನಾಯ್ಡ್ (ಆಯಿಲ್ ಹರಿವನ್ನು ಕರೆಂಟಿನಿಂದ ನಿಯಂತ್ರಿಸುವ ವಾಲ್ವ್) ಕೋಡ್ ಆದರೆ ಎಷ್ಟೋ ಸಲ ಗೇರ್‌ಬಾಕ್ಸ್ ಇಳಿಸದೆಯೇ ಸರಿಮಾಡಲು ಆಗುತ್ತದೆ. ‘ಪಿ0730’ ಅಂದರೆ ಹಾಕಿದ ಗೇರಿಗೂ ತಿರುಗುವ ವೇಗಕ್ಕೂ ತಾಳೆಯಾಗುತ್ತಿಲ್ಲ, ಹೆಚ್ಚಾಗಿ ನಿಜಕ್ಕೂ ಜಾರುತ್ತಿರುತ್ತದೆ.

ಆ ‘ದಡ್’ ಶಬ್ದದ ಬಗ್ಗೆಯೂ ಒಂದು ಮಾತು. ಬಾನೆಟ್ ತೆರೆದಿಟ್ಟು, ಎದುರು ಯಾರೂ ನಿಲ್ಲದೆ, ಬ್ರೇಕ್ ಬಲವಾಗಿ ಒತ್ತಿಕೊಂಡು ‘ಆರ್’ಗೂ ‘ಡಿ’ಗೂ ಬದಲಾಯಿಸಿ. ಪಕ್ಕದಿಂದ ಇನ್ನೊಬ್ಬರು ನೋಡಲಿ. ಇಂಜಿನ್ ಎದ್ದು ಕೂತ ಹಾಗೆ ಹಾರಿದರೆ ಶಬ್ದ ಇಂಜಿನ್ ಮೌಂಟಿನದ್ದು, ಅಂದರೆ ಇಂಜಿನ್ನನ್ನು ಹಿಡಿದಿಡುವ ರಬ್ಬರ್ ಆಧಾರದ್ದು. 1,60,000 ಕಿ.ಮೀ.ಗೆ ಮೌಂಟ್ ರಬ್ಬರ್ ಹರಿಯುವುದು ಸಹಜ, ಅಲ್ವಾ?

ಈಗ ದುಡ್ಡಿನ ವಿಷಯ. ಆಯಿಲ್ ಹಳತಾಗಿದೆ, ಸುಟ್ಟಿಲ್ಲ ಅಂತಾದರೆ ಗೇರ್‌ಬಾಕ್ಸಿನ ಅಡಿಯ ಆಯಿಲ್ ಪ್ಯಾನ್ ಬಿಚ್ಚಿಸಿ, ಫಿಲ್ಟರ್ ಬದಲಿಸಿ, ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲನ್ನೇ ಹಾಕಿಸಿ. ‘ಅಣ್ಣಾ, ಪ್ಯಾನ್ ಬಿಚ್ಚುವಾಗ ನಂಗೊಂದು ಫೋನ್ ಮಾಡಿ’ ಅಂತ ಮೊದಲೇ ಹೇಳಿಡಿ. ಪ್ಯಾನಿನ ಒಳಗೆ ಮ್ಯಾಗ್ನೆಟ್ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ನುಣುಪು ಪೇಸ್ಟ್ ಇದ್ದರೆ ಹೆದರಬೇಡಿ, ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ, ಮಿನುಗುವ ಲೋಹದ ಚೂರು ಸಿಕ್ಕರೆ ಒಳಗೆ ಏನೋ ಮುರಿದಿದೆ. ಒಂದು ಸಲ ಇಳಿಸಿದರೆ ಅರ್ಧದಷ್ಟೂ ಹಳೇ ಆಯಿಲ್ ಬರುವುದಿಲ್ಲ, ಉಳಿದದ್ದು ಕನ್ವರ್ಟರಿನಲ್ಲೇ ಇರುತ್ತದೆ. ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸಿ. ಇಷ್ಟು ಓಡಿದ, ಒಮ್ಮೆಯೂ ಆಯಿಲ್ ಬದಲಿಸದ ಗಾಡಿಗೆ ಮೆಷಿನ್ ಹಾಕಿ ಪ್ರೆಶರಿನಲ್ಲಿ ಫ್ಲಶ್ ಮಾಡಿಸುವುದು ನನಗೆ ಇಷ್ಟವಿಲ್ಲ. ಕಸ ಎದ್ದು ವಾಲ್ವ್ ಬಾಡಿಯಲ್ಲಿ (ಆಯಿಲನ್ನು ಬೇಕಾದ ಕ್ಲಚ್‌ಗೆ ಹರಿಸುವ ಭಾಗದಲ್ಲಿ) ಸಿಕ್ಕಿಹಾಕಿಕೊಳ್ಳಬಹುದು. ‘ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ’ ಅನ್ನುವ ಮಾತನ್ನೂ ನಂಬಬೇಡಿ. ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ ತನ್ನ ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಅನ್ನುತ್ತದೆ.

ಸುಟ್ಟ ವಾಸನೆ, ಲೋಹದ ಚೂರು, ಜಾರುವ ಕೋಡ್ ಮೂರೂ ಸೇರಿದರೆ ಹೊಸ ಆಯಿಲ್ ಹಾಕಿ ಪ್ರಯೋಜನವಿಲ್ಲ. ಬಾಟಲಿಯಲ್ಲಿ ಬರುವ ಟಾನಿಕ್ಕೂ ಸುಮ್ನೆ ಖರ್ಚು. ಆಗ ಆ ಒಂದೂವರೆ ಲಕ್ಷವನ್ನು ಗಾಡಿಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ. 2012ರ ಗಾಡಿಗೆ 2027ರಲ್ಲಿ 15 ವರ್ಷ ತುಂಬುತ್ತದೆ. ಆರ್‌ಸಿ ರಿನ್ಯೂವಲ್, ತಪಾಸಣೆ, ಕೇರಳದ ಗ್ರೀನ್ ಟ್ಯಾಕ್ಸ್ ಎಲ್ಲ ಬರುತ್ತದೆ. ರಿಪೇರಿ ಖರ್ಚು ಗಾಡಿಯ ಇವತ್ತಿನ ಬೆಲೆಯ ಅರ್ಧ ದಾಟಿದರೆ ನಾನಂತೂ ಮಾಡಿಸುವುದಿಲ್ಲ. ಬಾಡಿ, ಇಂಜಿನ್ ಗಟ್ಟಿಯಾಗಿದ್ದು ಇನ್ನೂ ಐದಾರು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಮಾತ್ರ ಬೇರೆ. ಮಾಡಿಸುವುದಾದರೆ ಕ್ಲಚ್, ಸೀಲ್, ಕನ್ವರ್ಟರ್ ಯಾವುದು ಹೊಸದು, ವಾರಂಟಿ ಎಷ್ಟು ತಿಂಗಳು, ಎಲ್ಲವನ್ನೂ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಗುಜರಿಯಿಂದ ಹಳೇ ಗೇರ್‌ಬಾಕ್ಸ್ ತರುವುದು ಅಗ್ಗದ ದಾರಿ. ಆದರೆ ಮಾಡೆಲ್ ಒಂದೇ ಆದರೆ ಸಾಲದು, ಗೇರ್‌ಬಾಕ್ಸಿನ ಮೇಲಿನ ಕೋಡ್ ಕೂಡ ಹೊಂದಬೇಕು. ಇಂಜಿನ್ ಸಮೇತ ಸೆಟ್ ಕೊಡುತ್ತೇವೆ ಅಂದರೆ ಎಚ್ಚರ. ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುತ್ತದೆ, ಬದಲಿಸಿದರೆ ಆರ್‌ಟಿಒದಲ್ಲಿ ದಾಖಲಾಗಬೇಕು.

ಮಾರುವುದಾದರೆ ಪುತ್ತೂರು, ಮಂಗಳೂರಿನ ಗಿರಾಕಿಗಳು ಬೆಲೆ ಕಡಿಮೆ ಕೇಳುತ್ತಾರೆ. ಕಾರಣ ಇದೆ. ಕೆಎಲ್ 14 ಗಾಡಿಯನ್ನು ಕರ್ನಾಟಕದ ನಂಬರಿಗೆ ಬದಲಿಸಲು ಕಾಸರಗೋಡು ಆರ್‌ಟಿಒದ ಎನ್‌ಒಸಿ ಬೇಕು, ಅಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಊರಿನ ಒಳಗೇ ಗಿರಾಕಿ ಸಿಕ್ಕಿದರೆ ನಿಮಗೆ ಲಾಭ.

ಇದೆಲ್ಲ ತೀರ್ಮಾನವಾಗುವ ತನಕ ಆ ಚಡಾವು ಹತ್ತಿಸಬೇಡಿ. ಗಾಡಿಯನ್ನು ಕೆಳಗೇ ನಿಲ್ಲಿಸಿ. ಜಾರುವಾಗ ಆಕ್ಸಿಲರೇಟರ್ ಒತ್ತಿದಷ್ಟೂ ಉಳಿದ ಕ್ಲಚ್ ಸುಡುತ್ತದೆ. ವರ್ಕ್‌ಶಾಪಿಗೆ ಒಯ್ಯಲು ಹಗ್ಗ ಕಟ್ಟಿ ಎಳೆಯುವುದೂ ಬೇಡ. ಇಂಜಿನ್ ಆಫ್ ಇದ್ದರೆ ಗೇರ್‌ಬಾಕ್ಸಿನ ಪಂಪ್ ತಿರುಗುವುದಿಲ್ಲ, ಒಳಗಿನ ಭಾಗಗಳು ಆಯಿಲ್ ಇಲ್ಲದೆ ತಿರುಗುತ್ತವೆ. ಫ್ರಂಟ್ ವ್ಹೀಲ್ ಡ್ರೈವ್ ಗಾಡಿಯಾದರೆ ಮುಂದಿನ ಎರಡು ಚಕ್ರ ನೆಲದಿಂದ ಎತ್ತಿರಬೇಕು. ಇಡೀ ಗಾಡಿಯನ್ನೇ ಮೇಲೆ ಹೇರಿಕೊಳ್ಳುವ ರಿಕವರಿ ವ್ಯಾನ್ ಸಿಕ್ಕರೆ ಇನ್ನೂ ಒಳ್ಳೆಯದು. ಫೋನ್ ಮಾಡುವಾಗಲೇ ‘ಗಾಡಿ ಆಟೋಮ್ಯಾಟಿಕ್’ ಅಂತ ಹೇಳಿ, ತಕ್ಕ ವ್ಯಾನ್ ಕಳಿಸುತ್ತಾರೆ.